ಪ್ರತ್ಯಂತರ ಮತ್ತು ಪುನಃಸ್ಥಾಪನೆ: ಹಸ್ತಪ್ರತಿಸೂಚಿಯ ದತ್ತಸಂಚಯವನ್ನು ಕಾಪಾಡುವ ಕ್ರಮ

ಬಿ.ಜಿ. ಕೆರೆಯು ಸೇರಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಒಂದೇ ಶಾಸನಪಾಠವು ಮೂರು ಎಡೆಗಳ ಬಂಡೆಗಳ ಮೇಲೆ ಕೊರೆಯಲ್ಪಟ್ಟಿದೆ. ಬಿ. ಎಲ್. ರೈಸರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಪಾಠವು ಬಹಳ ಸವೆದಿದ್ದರೂ, ಬ್ರಹ್ಮಗಿರಿಯ ಪಾಠದೊಡನೆ ಹೋಲಿಸಿ ಅದನ್ನು ಓದಲು ಸಾಧ್ಯವಾಯಿತು. ಇದಕ್ಕೆ ವ್ಯತಿರಿಕ್ತವಾಗಿ ಧವಲಾ ಟೀಕೆಯ ಪ್ರಾಚೀನ ತಾಳೆಯೋಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ ಉಳಿದಿದ್ದುವು. ಅವುಗಳ ಪ್ರತ್ಯಂತರಗಳು ಸಿದ್ಧವಾದ ಮೇಲೆಯೇ, 1939ರಿಂದ, ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಆ ಗ್ರಂಥವು ಅಚ್ಚಾಗತೊಡಗಿತು. ಏಕಪ್ರತಿಯಾಗಿ ಉಳಿದುದು ಸದಾ ಅಪಾಯದಲ್ಲಿರುತ್ತದೆ ಎಂಬುದು ವಿದ್ವಜ್ಜನರಿಗೆ ಸುವಿದಿತ.

ಇಂದು ಹಸ್ತಪ್ರತಿಸೂಚಿಗಳನ್ನು ಗಣಕಯಂತ್ರದ ಸಂಬಂಧಾತ್ಮಕ ದತ್ತಸಂಚಯಗಳಲ್ಲಿ ಇಡುವುದು ರೂಢಿ. ಇಲ್ಲಿ ಕೃತಿ, ಓಲೆಕಟ್ಟು, ಲಿಪಿಕಾರ ಇವುಗಳಿಗೆ ಬೇರೆ ಬೇರೆ ಕೋಷ್ಟಕಗಳಿದ್ದು, ಕ್ರಮಸಂಖ್ಯೆಗಳು ಅವನ್ನು ಒಂದಕ್ಕೊಂದು ಹೊಂದಿಸುತ್ತವೆ. ಈ ಸಂಬಂಧ ಕಡಿದರೆ ಒಬ್ಬ ಲಿಪಿಕಾರನ ಪ್ರಶಸ್ತಿಯು ಮತ್ತೊಬ್ಬನ ಓಲೆಗೆ ಅಂಟಿಕೊಳ್ಳಬಹುದು. ಓಲೆಯೇ ಜೀರ್ಣವಾಗಿ ಹೋದಲ್ಲಿ ಆ ತಪ್ಪನ್ನು ತಿದ್ದಲು ಆಧಾರವೇ ಉಳಿಯದು.

ದತ್ತಸಂಚಯವು ಕೆಲಸ ಮಾಡುತ್ತಿರುವಾಗ ಅದರ ಕಡತಗಳನ್ನು ಹಾಗೆಯೇ ನಕಲು ಮಾಡುವುದು ಸಲ್ಲದು; ಅರ್ಧ ಬರೆದ ಸಾಲು ಪ್ರತಿಯಲ್ಲಿ ಸೇರಿಬಿಡಬಹುದು. ಆದುದರಿಂದ ಪೋಸ್ಟ್‌ಗ್ರೆಸ್ ಎಂಬ ವ್ಯವಸ್ಥೆಯಲ್ಲಿ ‘ಪಿಜಿ_ಡಂಪ್’ ಎಂಬ ಆಜ್ಞೆಯನ್ನು ಗಣಕದ ಆಜ್ಞಾಸಾಲಿನಲ್ಲಿ ಬೆರಳಚ್ಚಿಸಬೇಕು. ಇತರರು ನಮೂದು ಮಾಡುತ್ತಿದ್ದರೂ ಈ ಆಜ್ಞೆಯು ಒಂದೇ ಕ್ಷಣದ ಸುಸಂಗತ ಸ್ಥಿತಿಯನ್ನು ಹಿಡಿದು ಕೊಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಮೈಎಸ್‌ಕ್ಯೂಎಲ್‌ಡಂಪ್’ ಈ ಕೆಲಸ ಮಾಡುತ್ತದೆ; ಆದರೆ ಸುಸಂಗತಿಗಾಗಿ ‘ಸಿಂಗಲ್ ಟ್ರಾನ್ಸಾಕ್ಷನ್’ ಎಂಬ ವಿಕಲ್ಪವನ್ನು ಜೊತೆಗೆ ಸೇರಿಸಬೇಕು. ಬಳಕೆದಾರರ ಹೆಸರು ಮತ್ತು ಅಧಿಕಾರಗಳ ಮೂಲ ವಿವರವು ‘ಪಿಜಿ_ಡಂಪ್’ನ ಪ್ರತಿಯಲ್ಲಿ ಬರುವುದಿಲ್ಲ, ಅದನ್ನು ‘ಪಿಜಿ_ಡಂಪಾಲ್’ ಎಂಬುದರಿಂದ ಪ್ರತ್ಯೇಕವಾಗಿ ಪಡೆಯಬೇಕು. ಓಲೆಗಳ ಛಾಯಾಚಿತ್ರಗಳು ದತ್ತಸಂಚಯದ ಹೊರಗಿದ್ದರೆ ಅವಕ್ಕೂ ಬೇರೆ ಪ್ರತಿ ಅವಶ್ಯ.

ಪುನಃಸ್ಥಾಪನೆಯನ್ನು ಮೂಲದ ಮೇಲೆ ಪರೀಕ್ಷಿಸಕೂಡದು. ‘ಕ್ರಿಯೇಟ್‌ಡಿಬಿ’ ಎಂಬುದರಿಂದ ಬರಿದಾದ ಹೊಸ ಸಂಚಯವೊಂದನ್ನು ನಿರ್ಮಿಸಿ, ‘ಪಿಜಿ_ರಿಸ್ಟೋರ್’ ಎಂಬುದರಿಂದ ಪ್ರತಿಯನ್ನು ಅದರೊಳಗೆ ಇಳಿಸಬೇಕು. ಈ ಆಜ್ಞೆಯು ದೋಷ ಕಂಡರೂ ಸಾಮಾನ್ಯವಾಗಿ ಮುಂದುವರಿಯುತ್ತದೆ. ಕೂಡಲೇ ನಿಲ್ಲಬೇಕೆಂದು ಮೊದಲೇ ವಿಧಿಸುವುದು ಯುಕ್ತ. ಕೆಲಸ ಮುಗಿದ ಮೇಲೆ ಪ್ರತಿ ಕೋಷ್ಟಕದ ಸಾಲುಗಳನ್ನು ಎಣಿಸಿ, ಪ್ರತಿ ತೆಗೆದ ವೇಳೆಯ ಎಣಿಕೆಯೊಡನೆ ತಾಳೆ ನೋಡಬೇಕು. ಕೆಲವು ಪ್ರಶಸ್ತಿಗಳನ್ನು ಓದಿ ಕನ್ನಡ ಅಕ್ಷರಗಳು ಕೆಟ್ಟಿಲ್ಲವೆಂಬುದನ್ನೂ ನಿಶ್ಚಯಿಸಬೇಕು. ಮೂಲದೊಡನೆ ಒಪ್ಪವಿಡದ ಪ್ರತಿಯನ್ನು ಪಾಠಸಂಪಾದಕನು ಹೇಗೆ ನಂಬುವುದಿಲ್ಲವೋ, ಪುನಃಸ್ಥಾಪಿಸಿ ನೋಡದ ಪ್ರತಿಯನ್ನೂ ಹಾಗೆಯೇ ನಂಬಲಾಗದು.

ಪ್ರತಿಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿರತಕ್ಕದ್ದು. ನಿತ್ಯವೂ ಪ್ರತಿ ತೆಗೆಯುವುದು, ತಿಂಗಳಿಗೊಮ್ಮೆ ಪರೀಕ್ಷಿಸುವುದು ಉಚಿತ. ಅದು ಸಾಧ್ಯವಾಗದ ಸಣ್ಣ ಭಂಡಾರಗಳು, ಓಲೆಗಳನ್ನು ಹೊರತೆಗೆದು ಪೂಜಿಸುವ ಶ್ರುತಪಂಚಮಿಯಂದು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ನಡೆಸುವುದು ಶ್ರುತರಕ್ಷಣೆಗೆ ಅನುಗುಣವಾದುದು.