ಲೈವ್‌ನಲ್ಲಿ ಕಂಡ ಮುಖ ರೆಕಾರ್ಡಿಂಗ್‌ನಲ್ಲಿ ಎಲ್ಲಿ ಹೋಯಿತು?

ಮನೆಗೆ ಸಿಸಿಟಿವಿ ಹಾಕಿಸಿದ ದಿನ ಮನೆಮಂದಿಯೆಲ್ಲ ಟಿವಿ ಮುಂದೆ ಸೇರುತ್ತಾರೆ. ಗೇಟಿನ ಹತ್ತಿರ ನಿಲ್ಲಿಸಿದ ಸ್ಕೂಟರಿನ ನಂಬರು ಓದಲು ಬರುತ್ತದೆ, ಎದುರುಮನೆ ಅಜ್ಜಿ ರಂಗೋಲಿ ಹಾಕುವುದೂ ಕಾಣುತ್ತದೆ. ‘ಕ್ಲಿಯರ್ ಇದೆ ಅಲ್ವಾ ಸಾರ್?’ ಎಂದು ಕೇಳಿ, ಕ್ಯಾಮೆರಾ ಹಾಕಿದ ಹುಡುಗ ದುಡ್ಡು ತೆಗೆದುಕೊಂಡು ಹೊರಡುತ್ತಾನೆ. ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಬೈಕು ಕಾಣೆಯಾಗುತ್ತದೆ. ರೆಕಾರ್ಡಿಂಗ್ ತೆಗೆದು ನೋಡಿದರೆ ಬೂದು ಬಣ್ಣದ ಆಕೃತಿಯೊಂದು ಬಂದು ಬೈಕನ್ನು ತಳ್ಳಿಕೊಂಡು ಹೋಗುತ್ತಿದೆ. ಮುಖ ಇರಬೇಕಾದಲ್ಲಿ ಒಂದು ಬಿಳಿ ಮಚ್ಚೆ.

ಕ್ಯಾಮೆರಾ ಅದೇ, ಗೇಟೂ ಅದೇ. ಆದರೆ ಮೊದಲ ದಿನ ನಾವು ನೋಡಿದ್ದು ಹಗಲಿನಲ್ಲಿ, ನಿಂತಿದ್ದ ವಸ್ತುವನ್ನು, ಲೈವ್ ಆಗಿ. ನಮಗೆ ಬೇಕಾದದ್ದು ರಾತ್ರಿ ಹೊತ್ತು ನಡೆದಾಡುವ ಮನುಷ್ಯನ ಮುಖ, ಅದೂ ಡಿಸ್ಕಿನಲ್ಲಿ ಉಳಿದ ದೃಶ್ಯದಲ್ಲಿ. ಲೈವ್ ಎಂದರೆ ಕ್ಯಾಮೆರಾ ಕಂಡದ್ದು, ರೆಕಾರ್ಡಿಂಗ್ ಎಂದರೆ ಡಿವಿಆರ್, ಅಂದರೆ ದೃಶ್ಯವನ್ನು ಡಿಸ್ಕಿಗೆ ಬರೆಯುವ ಪೆಟ್ಟಿಗೆ, ಉಳಿಸಿಕೊಂಡದ್ದು. ಎರಡರ ನಡುವಿನ ಅಂತರ ತಗ್ಗಿಸಲು ಹೊಸ ಕ್ಯಾಮೆರಾವೇ ಬೇಕೆಂದಿಲ್ಲ. ಖರ್ಚಿಲ್ಲದ ಕೆಲಸಗಳಿಂದಲೇ ಶುರುಮಾಡೋಣ.

ಮೊದಲು ಸೆಟ್ಟಿಂಗ್ ನೋಡಿ

ಹೆಚ್ಚಿನ ಕ್ಯಾಮೆರಾಗಳು ಒಂದೇ ದೃಶ್ಯವನ್ನು ಎರಡು ಬಗೆಯಲ್ಲಿ ಕಳಿಸುತ್ತವೆ. ಮೇನ್ ಸ್ಟ್ರೀಮ್ ಪೂರ್ಣ ಗುಣಮಟ್ಟದ್ದು. ಸಬ್ ಸ್ಟ್ರೀಮ್ ಮೊಬೈಲಿಗೆಂದು ಇಳಿಸಿದ್ದು. ಮೊಬೈಲ್ ಆ್ಯಪ್‌ನಲ್ಲಿ ಹಳೆಯ ದೃಶ್ಯ ಮಸುಕಾಗಿ ಕಂಡರೆ ಗಾಬರಿ ಬೇಡ. ಆ್ಯಪ್ ಸಬ್ ಸ್ಟ್ರೀಮ್ ತೋರಿಸುತ್ತಿರಬಹುದು. ಎಚ್‌ಡಿ ಬಟನ್ ಒತ್ತಿ ನೋಡಿ, ಇಲ್ಲವೇ ಡಿವಿಆರ್‌ಗೆ ಜೋಡಿಸಿದ ಟಿವಿಯಲ್ಲೇ ಪ್ಲೇಬ್ಯಾಕ್ ಮಾಡಿ.

ಅಲ್ಲೂ ಮಸುಕೇ ಆಗಿದ್ದರೆ ರೆಕಾರ್ಡಿಂಗ್ ಸೆಟ್ಟಿಂಗ್ ತೆರೆಯಿರಿ. ರೆಸಲ್ಯೂಷನ್ ಮುಂದೆ ‘1080ಎನ್’ ಎಂದಿದ್ದರೆ ಮೋಸಹೋಗಬೇಡಿ. ಪೂರ್ಣ 1080ಪಿ ಚಿತ್ರದ ಅಗಲ 1920 ಪಿಕ್ಸೆಲ್, 1080ಎನ್‌ನದು 960 ಮಾತ್ರ. ಡಿವಿಆರ್ ಅರ್ಧ ವಿವರವನ್ನು ಬಿಟ್ಟು, ಚಿತ್ರವನ್ನು ಹಿಗ್ಗಿಸಿ ತೋರಿಸುತ್ತದೆ. ಡಿವಿಆರ್‌ಗೆ ಶಕ್ತಿಯಿದ್ದರೆ 1080ಪಿಗೆ ಬದಲಿಸಿ.

ಮುಂದಿನದು ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ದೃಶ್ಯಕ್ಕೆ ಡಿಸ್ಕಿನಲ್ಲಿ ಕೊಟ್ಟ ಜಾಗ. ರೆಸಲ್ಯೂಷನ್ ಎಷ್ಟೇ ಇದ್ದರೂ ಬಿಟ್‌ರೇಟ್ ಕಡಿಮೆಯಿದ್ದರೆ ಡಿವಿಆರ್ ಸಣ್ಣ ವಿವರಗಳನ್ನು ಅಳಿಸಿ ಚೌಕಚೌಕದ ಚಿತ್ರ ಬರೆಯುತ್ತದೆ. ನಿಂತ ಸ್ಕೂಟರಿಗೆ ಅಷ್ಟು ಸಾಕು. ಯಾರಾದರೂ ಓಡಿದಾಗ, ಮಳೆ ಸುರಿದಾಗ, ತೆಂಗಿನ ಗರಿ ಅಲ್ಲಾಡಿದಾಗ ಚಿತ್ರ ಒಡೆಯುತ್ತದೆ. ಕದಲಿದ್ದೆಲ್ಲ ಹೊಸದಾಗಿ ಬರೆಯಬೇಕಾದ ವಿವರವೇ. 2 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಎಚ್.264 ಎಂಬ ವಿಡಿಯೊ ಕುಗ್ಗಿಸುವ ವಿಧಾನದಲ್ಲಿ 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಹೊಸ ಎಚ್.265ರಲ್ಲಿ ಸುಮಾರು ಅದರ ಅರ್ಧ ಇಟ್ಟರೆ ಒಳ್ಳೆಯ ಆರಂಭ.

ಹಾಗಾದರೆ ಡಿಸ್ಕ್ ಬೇಗ ತುಂಬುವುದಿಲ್ಲವೇ? ತುಂಬುತ್ತದೆ. 1 ಎಂಬಿಪಿಎಸ್ ಎಂದರೆ ದಿನಕ್ಕೆ 10.8 ಜಿಬಿ. ತಲಾ 4 ಎಂಬಿಪಿಎಸ್‌ನ ನಾಲ್ಕು ಕ್ಯಾಮೆರಾ ದಿನಕ್ಕೆ ಸುಮಾರು 173 ಜಿಬಿ ತಿನ್ನುತ್ತವೆ. 1 ಟಿಬಿ ಡಿಸ್ಕ್ ಆರು ದಿನಕ್ಕೆ ಒಂದಿಷ್ಟು ಕಡಿಮೆ ಬರುತ್ತದೆ. ‘ಒಂದು ತಿಂಗಳು ರೆಕಾರ್ಡಿಂಗ್ ಇರುತ್ತೆ ಸಾರ್’ ಎಂದು 1 ಟಿಬಿ ಡಿಸ್ಕ್ ಹಾಕಿದ್ದಾರೆಂದರೆ, ಆ ತಿಂಗಳು ಚಿತ್ರದ ಗುಣಮಟ್ಟ ಕೊಯ್ದು ಬಂದದ್ದು. ಜಾಗ ಉಳಿಸಲು ಎಚ್.265ಕ್ಕೆ ಬದಲಿಸಿ, ಸೆಕೆಂಡಿಗೆ 25 ಫ್ರೇಮ್ ಬದಲು 15 ಇಡಿ, ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗುವಂತೆ ಮಾಡಿ. ಫ್ರೇಮ್ ಕಡಿಮೆಯಾದರೆ ನಷ್ಟವಿಲ್ಲ. ಅಷ್ಟೇ ಬಿಟ್‌ರೇಟ್‌ನಲ್ಲಿ ಒಂದೊಂದು ಫ್ರೇಮಿಗೂ ಹೆಚ್ಚು ಪಾಲು ಸಿಗುವುದರಿಂದ ಬಿಟ್‌ರೇಟನ್ನೂ ಒಂದಿಷ್ಟು ಇಳಿಸಬಹುದು.

ರಾತ್ರಿಯ ಪಾಡು

ಕತ್ತಲಾದೊಡನೆ ಕ್ಯಾಮೆರಾ ಬೆಳಕು ಸಾಲದೆ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಶಟರ್ 1/25 ಸೆಕೆಂಡ್ ತೆರೆದಿದ್ದರೆ, ಸಾಧಾರಣ ವೇಗದಲ್ಲಿ ನಡೆಯುವವನು ಅಷ್ಟರಲ್ಲಿ ಐದೂವರೆ ಸೆಂಟಿಮೀಟರ್ ಸರಿದಿರುತ್ತಾನೆ. ಗಂಟೆಗೆ 30 ಕಿ.ಮೀ. ವೇಗದ ಬೈಕು 33 ಸೆಂಟಿಮೀಟರ್ ಸಾಗಿರುತ್ತದೆ. ನಂಬರ್ ಪ್ಲೇಟಿನ ಅಕ್ಷರಗಳು ಒಂದರ ಮೇಲೊಂದು ಬಳಿದುಕೊಳ್ಳುವುದು ಹೀಗೆ. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಇದು ಸರಿಹೋಗುವುದಿಲ್ಲ. ಬೇಕಾದದ್ದು ಬೆಳಕು.

ಹಾಗಾಗಿ ಗೇಟಿನ ಮೇಲೆ ಬೆಳಕು ಬೀಳುವಂತೆ ಒಂದು ಎಲ್‌ಇಡಿ ಬಲ್ಬು ರಾತ್ರಿಯಿಡೀ ಉರಿಯಲಿ. ಕ್ಯಾಮೆರಾ ಬದಲಿಸುವುದಕ್ಕಿಂತ ಇದು ಎಷ್ಟೋ ಅಗ್ಗ. ಬಲ್ಬು ಮಾತ್ರ ಲೆನ್ಸಿಗೆ ಎದುರಾಗಿರಬಾರದು, ಕ್ಯಾಮೆರಾದ ಹಿಂದೆ ಅಥವಾ ಪಕ್ಕದಲ್ಲಿರಬೇಕು. ಬೆಳಕು ಬಂದ ಮೇಲೆ ಶಟರನ್ನು 1/100ಕ್ಕೆ ಏರಿಸಿ ನೋಡಿ. ಜೊತೆಗೆ ಫ್ರೀಕ್ವೆನ್ಸಿ 50 ಹರ್ಟ್ಸ್ ಎಂದಿದೆಯೇ ಪರೀಕ್ಷಿಸಿ. ನಮ್ಮ ಕರೆಂಟಿನದು 50 ಹರ್ಟ್ಸ್. ಅಲ್ಲಿ 60 ಇದ್ದರೆ ಟ್ಯೂಬ್‌ಲೈಟಿನಡಿ ಚಿತ್ರದ ಮೇಲೆ ಪಟ್ಟೆಗಳು ಓಡಾಡುತ್ತವೆ.

ಕ್ಯಾಮೆರಾದ ಸ್ವಂತ ಇನ್‌ಫ್ರಾರೆಡ್ ಬೆಳಕಿಗೆ ಇನ್ನೊಂದು ತೊಂದರೆಯಿದೆ. ಹತ್ತಿರದ ಗೋಡೆ, ಸಜ್ಜೆಯ ಅಂಚು ಅಥವಾ ಎಲೆಗೆ ಅದು ಬಡಿದು ಹಿಂದಿರುಗಿದರೆ ಕ್ಯಾಮೆರಾ ‘ಬೆಳಕು ಸಾಕು’ ಎಂದು ತಪ್ಪು ತಿಳಿಯುತ್ತದೆ. ಆಗ ಹಿಂದಿನದೆಲ್ಲ ಕಪ್ಪಾಗುತ್ತದೆ. ಕ್ಯಾಮೆರಾದ ಸುತ್ತ ಹುಳು ಬರುತ್ತವೆ, ಹುಳುವಿನ ಹಿಂದೆ ಜೇಡ. ಲೆನ್ಸಿನ ಮುಂದಿನ ಒಂದೇ ಎಳೆ ಬಲೆ ರಾತ್ರಿಯ ಚಿತ್ರಕ್ಕೆ ಮಂಜು ಕವಿಸಬಲ್ಲದು, ಹಗಲಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮೆತ್ತನೆ ಬಟ್ಟೆಯಿಂದ ಒರೆಸಿ, ಬಲೆ ತೆಗೆಯಿರಿ. ಬಹಳಷ್ಟು ಮನೆಗಳಲ್ಲಿ ಮಸುಕಿಗೆ ಕಾರಣ ಇಷ್ಟೇ.

ಈಗಿನ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟುಗಳ ಮೇಲ್ಮೈ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ. ಇನ್‌ಫ್ರಾರೆಡ್‌ನಲ್ಲಿ ಅದು ಬರೀ ಬಿಳಿ ಹಲಗೆಯಾಗಿ ಕಾಣಬಹುದು. ನಂಬರೇ ಮುಖ್ಯವಾದರೆ ಅದಕ್ಕೆಂದೇ ಒಂದು ಕ್ಯಾಮೆರಾ ಇಟ್ಟು ಶಟರನ್ನು 1/250ಕ್ಕಿಂತ ಚುರುಕಾಗಿಸಬೇಕು. ಅದರಲ್ಲಿ ಸುತ್ತಲಿನದು ಕತ್ತಲಾಗಿ ಕಂಡರೂ ಪ್ಲೇಟು ಓದಲು ಸಿಗುತ್ತದೆ.

ಎಲ್ಲಿ, ಎಷ್ಟು ಎತ್ತರದಲ್ಲಿ?

ಅಪರಿಚಿತನ ಮುಖ ಗುರುತಿಸಲು ದೃಶ್ಯದ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕೆಂದು ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಹೇಳಿತ್ತು. ಆ ಲೆಕ್ಕದಲ್ಲಿ 1920 ಪಿಕ್ಸೆಲ್ ಏಳೂವರೆ ಮೀಟರ್ ಅಗಲಕ್ಕೆ ಸಾಕು. ಮನೆಗಳಿಗೆ ಸಾಮಾನ್ಯವಾಗಿ ಹಾಕುವ 2.8 ಎಂಎಂ ಲೆನ್ಸ್ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ಅದಕ್ಕೆ ಆ ಅಗಲ ತುಂಬುವುದು ಹತ್ತಡಿ ದೂರದಲ್ಲೇ. ಹನ್ನೊಂದನೇ ಅಡಿಯಿಂದ ಮುಖದ ವಿವರ ಸೋರತೊಡಗುತ್ತದೆ. 4 ಮೆಗಾಪಿಕ್ಸೆಲ್‌ಗೆ ಏರಿಸಿದರೆ ಈ ದೂರ ಹದಿನಾಲ್ಕು ಅಡಿಯಾದೀತು. 2 ಮೆಗಾಪಿಕ್ಸೆಲ್‌ನಲ್ಲೇ 6 ಎಂಎಂ ಲೆನ್ಸ್ ಹಾಕಿಸಿದರೆ ನೋಟ ಕಿರಿದಾಗಿ, ಸುಮಾರು ಇಪ್ಪತ್ತಾರು ಅಡಿವರೆಗೂ ಮುಖ ಸಿಗುತ್ತದೆ.

ಆದ್ದರಿಂದ 30×40 ಸೈಟಿನ ಮನೆಯಲ್ಲಿ ಮೊದಲ ಮಹಡಿಯ ಮೂಲೆಗೆ ಒಂದು ಅಗಲದ ಕ್ಯಾಮೆರಾ ಹಾಕಿ ಬೀದಿಯೆಲ್ಲ ಕಂಡಿತೆಂದು ಖುಷಿಪಡುವುದು ಸಾಲದು. ಅದು ಏನಾಯಿತು ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ಯಾರು ಎಂಬುದಕ್ಕೆ, ಒಳಬರುವವರು ಹಾದುಹೋಗಲೇಬೇಕಾದ ಜಾಗದಲ್ಲಿ, ಅಂದರೆ ಗೇಟು ಅಥವಾ ಬಾಗಿಲ ಬಳಿ, ಎಂಟು ಅಡಿ ಎತ್ತರದಲ್ಲಿ ಇನ್ನೊಂದು ಬೇಕು. ಹದಿನಾಲ್ಕು ಅಡಿ ಮೇಲಿಂದ ಕಾಣುವುದು ಟೋಪಿ, ಹೆಲ್ಮೆಟ್ಟು, ನೆತ್ತಿ. ಪೋರ್ಟಿಕೋ ಒಳಗಿಂದ ಬಿಸಿಲಿನ ಕಡೆ ನೋಡುವ ಕ್ಯಾಮೆರಾದಲ್ಲಿ ಮುಖ ಕಪ್ಪಾಗುತ್ತಿದ್ದರೆ ಬಿಸಿಲು-ನೆರಳು ಎರಡನ್ನೂ ಹೊಂದಿಸುವ ಡಬ್ಲ್ಯೂಡಿಆರ್ ಸೆಟ್ಟಿಂಗ್ ಆನ್ ಮಾಡಿ. ಒಂದು ಮಾತು: ಪಕ್ಕದ ಮನೆಯ ಕಿಟಕಿ, ಹಿತ್ತಿಲು ಚೌಕಟ್ಟಿನೊಳಗೆ ಬರದಿರಲಿ.

ವೈರು, ವೈಫೈ, ಡಿಸ್ಕ್

ಹಗಲಿನಲ್ಲಿ ಚೆನ್ನಾಗಿದ್ದು, ಕತ್ತಲಾದೊಡನೆ ಗೆರೆ ಬರುವ ಅಥವಾ ಆಫ್ ಆಗಿ ಆನ್ ಆಗುವ ಕ್ಯಾಮೆರಾ ಇದ್ದರೆ ಮೊದಲು ಕರೆಂಟನ್ನೇ ಅನುಮಾನಿಸಿ. ರಾತ್ರಿ ಇನ್‌ಫ್ರಾರೆಡ್ ಹೊತ್ತಿಕೊಂಡು ಹೆಚ್ಚು ಕರೆಂಟು ಎಳೆಯುತ್ತದೆ. ಉದ್ದದ ತೆಳು ವೈರಿನಲ್ಲಿ 12 ವೋಲ್ಟ್ ತಲುಪುವಷ್ಟರಲ್ಲಿ ಇಳಿದಿರುತ್ತದೆ. ಒಳ್ಳೆಯ ತಾಮ್ರದ ವೈರು, ಇಲ್ಲವೇ ಕ್ಯಾಮೆರಾ ಹತ್ತಿರವೇ ಒಂದು ಅಡಾಪ್ಟರ್ ಇದಕ್ಕೆ ಮದ್ದು. ವೈಫೈ ಕ್ಯಾಮೆರಾದಲ್ಲಿ ಸಿಗ್ನಲ್ ಕ್ಷೀಣಿಸಿದರೆ ಕ್ಲೌಡಿಗೆ ಹೋಗುವ ದೃಶ್ಯ ತುಂಡಾಗುತ್ತದೆ. ಕ್ಯಾಮೆರಾದೊಳಗೇ ಮೆಮೊರಿ ಕಾರ್ಡ್ ಇದ್ದರೆ ವೈಫೈ ಹೋದರೂ ರೆಕಾರ್ಡಿಂಗ್ ಉಳಿಯುತ್ತದೆ. ಕಾರ್ಡಾಗಲಿ ಡಿಸ್ಕಾಗಲಿ ಸತತ ಬರವಣಿಗೆ ತಾಳುವಂಥ, ಕ್ಯಾಮೆರಾಗೆಂದೇ ಮಾಡಿದ್ದನ್ನು ಕೊಳ್ಳಿ.

ಪೊಲೀಸರಿಗೆ ಕೊಡುವಾಗ

ಸ್ಪಷ್ಟವಾಗಿ ದಾಖಲಾದ ದೃಶ್ಯವನ್ನು ಹಾಳುಮಾಡುವ ಸುಲಭ ದಾರಿ, ಟಿವಿಯ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು. ಡಿವಿಆರ್‌ನ ಬ್ಯಾಕಪ್ ಆಯ್ಕೆಯಿಂದ ಮೂಲ ಕಡತವನ್ನೇ ಪೆನ್‌ಡ್ರೈವ್‌ಗೆ ತೆಗೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಕಡತದ ಹ್ಯಾಷ್ ಮೌಲ್ಯವೂ, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತೂ ಇರಬೇಕು. ಡಿವಿಆರ್‌ನ ಗಡಿಯಾರ ತಪ್ಪಿದ್ದರೆ ಘಟನೆಯ ಹೊತ್ತಿನ ಬಗ್ಗೆ ಪ್ರಶ್ನೆ ಏಳುತ್ತದೆ. ಟೈಮ್ ಜೋನ್ +5:30 ಇಟ್ಟು, ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿ. ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುವುದರಿಂದ ಘಟನೆ ನಡೆದ ದಿನವೇ ಪ್ರತಿ ತೆಗೆದಿಡಿ.

ಇಷ್ಟೆಲ್ಲ ಸರಿಯಿದೆಯೇ ಎಂದು ತಿಳಿಯಲು ಯಾರನ್ನೂ ಕರೆಸಬೇಕಿಲ್ಲ. ಇವತ್ತು ರಾತ್ರಿ ಹತ್ತಕ್ಕೆ ಮನೆಯವರೊಬ್ಬರು ಟೋಪಿ ಹಾಕಿಕೊಂಡು, ಮಾಮೂಲಿ ವೇಗದಲ್ಲಿ ಗೇಟು ತೆರೆದು ಬಾಗಿಲವರೆಗೆ ನಡೆದು ಬರಲಿ. ಅದನ್ನು ಲೈವ್‌ನಲ್ಲಿ ನೋಡಬೇಡಿ. ನಾಳೆ ಬೆಳಿಗ್ಗೆ ಕಾಫಿ ಕುಡಿಯುತ್ತ ರೆಕಾರ್ಡಿಂಗ್ ಹಾಕಿ, ಅವರ ಪರಿಚಯ ಅಷ್ಟಾಗಿ ಇಲ್ಲದ ಯಾರಿಗಾದರೂ ತೋರಿಸಿ. ಆಮೇಲೆ ರಾತ್ರಿ ನಡೆದು ಬಂದವರನ್ನೇ ಎದುರಿಗೆ ನಿಲ್ಲಿಸಿ ‘ಇವರೇನಾ?’ ಎಂದು ಕೇಳಿ. ‘ಹೌದು’ ಎನ್ನಲು ತಡವರಿಸಿದರೆ, ಕಳ್ಳ ಬರುವ ಮೊದಲೇ ನಿಮಗೆ ವಿಷಯ ಗೊತ್ತಾಯಿತು ಎಂದುಕೊಂಡು ಸೆಟ್ಟಿಂಗ್ ತೆರೆಯಿರಿ.