ಮಸ್ಕಿ ಶಾಸನ ಮತ್ತು ಮೂಲ ನೋಡದ ಉಲ್ಲೇಖಗಳು

ಕವಿತಾಳಕ್ಕೆ ಸಮೀಪದ ಮಸ್ಕಿಯಲ್ಲಿ ಚಿನ್ನದ ನಿಕ್ಷೇಪ ಅರಸುತ್ತಿದ್ದ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಗುರುತಿಸಿದ ಬಂಡೆಶಾಸನವು, ಅದುವರೆಗಿನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆಸಿಕೊಂಡಿದ್ದ ಅರಸನನ್ನು ಅಶೋಕನೆಂದು ಹೆಸರಿಸಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಪ್ರಕಟಿಸಿದಾಗ, ಅಶೋಕನ ಹೆಸರಿರುವ ಶಾಸನ ಇದೊಂದೇ ಎನ್ನುವುದು ನಿಜವೇ ಆಗಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಮಸ್ಕಿಗೆ ದೂರವಲ್ಲದ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿಯೂ ಅದೇ ಹೆಸರು ಓದಿಗೆ ಸಿಕ್ಕಿತು. ಆದರೂ ಹಳೆಯ ವಾಕ್ಯ ತನ್ನ ಇಸವಿಯನ್ನು ಕಳಚಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳವರೆಗೂ ಸಾಗಿಬಂದಿದೆ. ಪ್ರಿಯದರ್ಶಿಯೇ ಅಶೋಕನೆಂದು ಮೊದಲು ತಿಳಿದದ್ದು ಮಸ್ಕಿಯಿಂದ ಎಂಬ ಮಾತೂ ಇದರ ಜೊತೆಗಾರನೇ. ಸಿಂಹಳದ ಪಾಲಿ ಗ್ರಂಥ ದೀಪವಂಶದ ಆಧಾರದಿಂದ ಜಾರ್ಜ್ ಟರ್ನರ್ 1837ರಲ್ಲಿಯೇ ಅದನ್ನು ಗುರುತಿಸಿದ್ದ. ಮಸ್ಕಿ ಕೊಟ್ಟದ್ದು ಶಿಲಾಸಾಕ್ಷ್ಯ, ಅದೇನು ಸಣ್ಣದಲ್ಲ.

ಇಂಥ ಮಾತುಗಳು ಉಳಿದುಬರುವುದು ಮೂಲ ನೋಡದ ಉಲ್ಲೇಖಗಳಿಂದ. ಉಲ್ಲೇಖವೆಂದರೆ ಒಂದು ಹೇಳಿಕೆಗೆ ಆಧಾರವಾದ ಹಿಂದಿನ ಬರಹವನ್ನು ಹೆಸರಿಸುವುದು. ಅದನ್ನು ಹೆಸರಿಸಿದವರೆಲ್ಲ ಓದಿರುತ್ತಾರೆಂಬುದು ಕೇವಲ ನಂಬಿಕೆ. ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ ಈ ನಂಬಿಕೆಯನ್ನು ಅಚ್ಚಿನ ತಪ್ಪುಗಳ ಮೂಲಕ ಪರೀಕ್ಷಿಸಿದರು. ಒಂದು ಪ್ರಸಿದ್ಧ ಪ್ರಬಂಧದ ಸುಮಾರು 4,300 ಉಲ್ಲೇಖಗಳಲ್ಲಿ ಸಂಪುಟ, ಪುಟಸಂಖ್ಯೆ ಮುಂತಾದವು ತಪ್ಪಿದ್ದ ಉಲ್ಲೇಖಗಳು 196 ಇದ್ದು, ಅವುಗಳಲ್ಲಿ ಒಂದೇ ತಪ್ಪು 78 ಬಾರಿ ಮರುಕಳಿಸಿತ್ತು. ಅಷ್ಟೊಂದು ಲೇಖಕರು ಪ್ರತ್ಯೇಕವಾಗಿ ಅದೇ ಅಂಕಿಯಲ್ಲಿ ಎಡವಿರಲಾರರು. ಪರರ ಪಟ್ಟಿಯಿಂದ ನಕಲಿಳಿಸಿರುತ್ತಾರೆ. ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಐದರಲ್ಲೊಬ್ಬರಷ್ಟೇ ಎಂಬುದು ಅವರ ಅಂದಾಜು.

ಶಾಸನದ ವಿಷಯದಲ್ಲಿ ಇಂಥ ನಕಲಿನಿಂದ ಪರೀಕ್ಷೆಯ ಒಂದು ಅಂಕ ಹೋದೀತು, ವೈದ್ಯಕೀಯದಲ್ಲಿ ಪ್ರಾಣವೇ ಹೋಗಬಹುದು. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ 1980ರಲ್ಲಿ ಬಂದ ಐದು ವಾಕ್ಯಗಳ ಪತ್ರವೊಂದು, ಅಫೀಮಿನ ವರ್ಗದ ನೋವುನಿವಾರಕ ಪಡೆದ 11,882 ಆಸ್ಪತ್ರೆ ರೋಗಿಗಳಲ್ಲಿ ನಾಲ್ವರಿಗಷ್ಟೇ ವ್ಯಸನ ಅಂಟಿದ ದಾಖಲೆಯಿದೆ ಎಂದಿತ್ತು. ಅದನ್ನು ಉಲ್ಲೇಖಿಸಿದ 608 ಬರಹಗಳಲ್ಲಿ 439 ಬರಹಗಳು ವ್ಯಸನ ಅಪರೂಪವೆಂಬುದಕ್ಕೆ ಅದನ್ನೇ ಆಧಾರವಾಗಿಸಿದ್ದವು. ರೋಗಿಗಳು ಆಸ್ಪತ್ರೆಯ ನಿಗಾದಲ್ಲಿದ್ದರೆಂಬ ಸಂಗತಿಯನ್ನು ನೂರಕ್ಕೆ ಎಂಬತ್ತರಷ್ಟು ಬರಹಗಳು ಬಿಟ್ಟಿದ್ದವು. ಮೂಲದಲ್ಲಿ ತಪ್ಪಿಲ್ಲದಿದ್ದಾಗ ತಿದ್ದುಪಡಿಗೆ ಸಾಮಾನ್ಯವಾಗಿ ಎಡೆಯಿರುವುದಿಲ್ಲವಾದರೂ, ಆ ಪತ್ರಿಕೆ 2017ರಲ್ಲಿ ಹಳೆಯ ಪತ್ರಕ್ಕೆ ಒಂದು ಟಿಪ್ಪಣಿ ಜೋಡಿಸಿ, ಅದನ್ನು ವಿಮರ್ಶೆಯಿಲ್ಲದೆ ವಿಪರೀತವಾಗಿ ಉಲ್ಲೇಖಿಸಲಾಗಿದೆ ಎಂದು ಓದುಗರನ್ನು ಎಚ್ಚರಿಸಿತು.