ಗದ್ದಲದ ಬೀದಿಯಲ್ಲೇ ಧ್ಯಾನ

ಹದಿಹರೆಯದಲ್ಲಿ ಕಟ್ಟಾ ನಾಸ್ತಿಕರಾಗಿದ್ದ ಫ್ರಾನ್ಸಿನ ಮದ್ಲೇನ್ ದೆಲ್‌ಬ್ರೆಲ್ 1924ರಲ್ಲಿ ದೇವರತ್ತ ತಿರುಗಿದರು. ಕ್ಯಾಥೊಲಿಕ್ ಸನ್ಯಾಸಿನಿಯರ ಕಾರ್ಮೆಲ್ ಮಠ ಸೇರುವ ಯೋಚನೆಯಿತ್ತು, ಸೇರಲಿಲ್ಲ.

1933ರಲ್ಲಿ ಇಬ್ಬರು ಗೆಳತಿಯರೊಡನೆ ಅವರು ಬಂದು ನೆಲೆಸಿದ್ದು ಪ್ಯಾರಿಸ್ ಪಕ್ಕದ ಇವ್ರಿಯಲ್ಲಿ. ಅದು ಕಮ್ಯುನಿಸ್ಟರ ಆಡಳಿತವಿದ್ದ ಕಾರ್ಮಿಕರ ಪಟ್ಟಣ. ಸನ್ಯಾಸಿನಿಯ ಉಡುಪಿಲ್ಲ, ಮಠದ ಗೋಡೆಯಿಲ್ಲ. ಸಮಾಜ ಕಾರ್ಯಕರ್ತೆಯ ಕೆಲಸ, ಬಡವರ ಮನೆಗಳಿಗೆ ಓಡಾಟ, ಬಾಗಿಲಿಗೆ ಬಂದವರ ಉಪಚಾರ. ಇಷ್ಟರ ನಡುವೆ ಪ್ರಾರ್ಥನೆಗೆ ಪುರುಸೊತ್ತೆಲ್ಲಿ? ದಿನದಲ್ಲಿ ಸಿಗುವ ಚೂರುಪಾರು ಬಿಡುವಿನಲ್ಲೇ ಆಳಕ್ಕಿಳಿಯಬಹುದು ಎಂಬುದು ಅವರ ನಂಬಿಕೆ. ಧ್ಯಾನಕ್ಕೆ ಏಕಾಂತ ಬೇಕೇ ಬೇಕು ಎನ್ನುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಸಿಗುವುದು ಕಷ್ಟ.

ಕಮ್ಯುನಿಸ್ಟರೊಂದಿಗೆ ಒಡನಾಡಿದರು, ಅವರ ನಾಸ್ತಿಕತೆಯನ್ನು ಮಾತ್ರ ಒಪ್ಪಲಿಲ್ಲ. ಇವ್ರಿಯಲ್ಲೇ 1964ರಲ್ಲಿ ತೀರಿಕೊಂಡ ಅವರನ್ನು 2018ರಲ್ಲಿ ಪೋಪ್ ಫ್ರಾನ್ಸಿಸ್ ‘ಪೂಜ್ಯ’ರೆಂದು ಘೋಷಿಸಿದರು; ಸಂತ ಪದವಿಯ ಹಾದಿಯಲ್ಲಿ ಅದೊಂದು ಹೆಜ್ಜೆ.